ಎಡಗಿವಿಯ ಅಂಟು

೧೯೯೮ರ ಜುಲೈ ೧೪, ಮಂಗಳವಾರ. ಈ ದಿನಾಂಕವನ್ನು ನಾನು ನೆನಪಿನಿಂದ ಬರೆಯುತ್ತಿಲ್ಲ. ಆ ವರ್ಷದ ನನ್ನ ಕಿಸೆ ದಿನಚರಿಯಿಂದ ಎತ್ತಿಕೊಂಡು, ವಾರವನ್ನು ಹಳೆಯ ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ದಿನಚರಿಯಲ್ಲಿ ಇರುವುದು ಇಷ್ಟೇ: “ಬಂಟ್ವಾಳ. ಕೋಣದ ತಲೆಗೆ ಕಿವಿಗಳನ್ನು ಕೂಡಿಸಿದ್ದಾಯಿತು. ಎಡಕ್ಕೂ ಬಲಕ್ಕೂ ಅಂಟು ಬೇರೆ.” ಯಾವ ಕಿವಿಗೆ ಯಾವ ಅಂಟು ಎಂಬುದನ್ನು ನಾನು ಬರೆದಿಟ್ಟಿಲ್ಲ. ಮರೆಯುವಂಥ ಸಂಗತಿ ಅದಲ್ಲವೆಂದು ಆಗ ತೋರಿರಬೇಕು.

ವಿಚಿತ್ರ ಅನುಭವಗಳ ಬಗ್ಗೆ ಇತರರು ಬರೆದದ್ದನ್ನು ಓದುವಾಗ ಪುಟದ ಅಂಚಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುವುದು ನನ್ನ ಅಭ್ಯಾಸವಾಗಿತ್ತು. ಸಾಕ್ಷಿ ಯಾರು, ಎಷ್ಟು ಹೊತ್ತಿಗೆ, ಬೆಳಕು ಎಷ್ಟಿತ್ತು ಎಂದು ಕೇಳುತ್ತಿದ್ದೆ. ಓದುಗರು ನನ್ನನ್ನೂ ಹಾಗೆಯೇ ಕೇಳಬಹುದು. ಉತ್ತರಗಳು ನನ್ನಲ್ಲಿ ಇವೆ, ಅವುಗಳಿಂದ ಪ್ರಯೋಜನವಾಗಿಲ್ಲ.

ಮೂಡುಬಿದಿರೆಯ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಮಾದರಿಗಳ ಕೋಣೆ ನನ್ನ ವಶದಲ್ಲಿತ್ತು. ನನ್ನ ಸಂಶೋಧನೆಯ ವಿಷಯ ಚರ್ಮಪ್ರಸಾಧನ, ಅಂದರೆ ಸತ್ತ ಪ್ರಾಣಿಯ ತೊಗಲನ್ನು ಹದಮಾಡಿ ಅಚ್ಚಿನ ಮೇಲೆ ಹೊದಿಸಿ ಜೀವಂತ ರೂಪಕ್ಕೆ ತರುವ ವಿದ್ಯೆ. ಅದರಲ್ಲಿಯೂ ನಾನು ಹಿಡಿದುಕೊಂಡದ್ದು ಒಂದೇ ಪ್ರಶ್ನೆ: ನಮ್ಮ ಕರಾವಳಿಯ ತೇವದಲ್ಲಿ ತೊಗಲನ್ನು ಅಚ್ಚಿಗೆ ಹಿಡಿದಿಡುವ ಅಂಟು ಯಾವುದಿರಬೇಕು? ತೊಗಲು ಒಣಗುತ್ತ ಕುಗ್ಗುತ್ತದೆ. ಕಣ್ಣಿನ ಸುತ್ತ, ಮೂಗಿನ ಹೊಳ್ಳೆಯಲ್ಲಿ, ಕಿವಿಯ ಬುಡದಲ್ಲಿ ಅಚ್ಚಿನಿಂದ ಮೇಲೆದ್ದು ಬರುತ್ತದೆ. ಮೈದಾ ಅಂಟು ನಿಧಾನವಾಗಿ ಹಿಡಿಯುವುದರಿಂದ ಒಂದೆರಡು ದಿನ ತೊಗಲನ್ನು ಸರಿಸಿ ಕೂರಿಸಲು ಅವಕಾಶವಿರುತ್ತದೆ, ಆದರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಎರಡು ಟ್ಯೂಬುಗಳಿಂದ ಹಿಂಡಿ ಕಲಸುವ ಎಪಾಕ್ಸಿ ಎಂಬ ರಾಸಾಯನಿಕ ಅಂಟು ಗಂಟೆಯೊಳಗೆ ಕಲ್ಲಾಗುತ್ತದೆ. ಬೂಸ್ಟಿನ ಭಯವಿಲ್ಲ, ತಿದ್ದುವ ಅವಕಾಶವೂ ಇಲ್ಲ.

ಕೈಕೆಲಸವೆಲ್ಲ ಬಂಟ್ವಾಳದ ಅಬ್ಬಾಸ್ ಅವರದ್ದು. ಹೊಳೆಯ ಬದಿಯಲ್ಲಿ ಅವರಿಗೊಂದು ತಗಡಿನ ಮಾಡಿನ ಕೊಟ್ಟಿಗೆಯಿತ್ತು. ತೊಗಲಿನ ವ್ಯಾಪಾರ ಮಾಡಿಕೊಂಡಿದ್ದ ಕುಟುಂಬದಲ್ಲಿ ಈ ವಿದ್ಯೆ ಕಲಿತವರು ಅವರೊಬ್ಬರೇ. ಮೈದಾಕ್ಕೆ ಗೇರುಮರದ ಅಂಟು ಬೆರೆಸಿ ತಾವೇ ಕುದಿಸಿಕೊಳ್ಳುತ್ತಿದ್ದರು. ನನ್ನ ಎಪಾಕ್ಸಿಯ ಮೇಲೆ ಅವರಿಗೆ ವಿಶ್ವಾಸವಿರಲಿಲ್ಲ. “ತಕ್ಷಣ ಹಿಡಿಯುವ ಅಂಟಿಗೆ ದಾಕ್ಷಿಣ್ಯ ಇಲ್ಲ ಸರ್,” ಎನ್ನುತ್ತಿದ್ದರು. “ನಾವು ತಪ್ಪು ಮಾಡಿದ್ದನ್ನೂ ಗಟ್ಟಿ ಮಾಡಿ ಇಟ್ಟುಬಿಡ್ತದೆ.”

ಆ ವರ್ಷದ ಮೇ ತಿಂಗಳಲ್ಲಿ ನಾರಾವಿಯಲ್ಲಿ ಕಂಬಳದ ಕೋಣವೊಂದು ಕಾಯಿಲೆಯಿಂದ ಸತ್ತಿತು. ಕಾಟಿ ಎಂಬುದು ಅದರ ಹೆಸರು. ಯಜಮಾನರು ನನ್ನ ಪರಿಚಿತರು. ತಲೆಯನ್ನು ಕಾಲೇಜಿನ ಸಂಗ್ರಹಕ್ಕೆ ಕೊಡಲು ಒಪ್ಪಿದರು. ಅಬ್ಬಾಸರೊಡನೆ ತೊಗಲು ತರಲು ಹೋದಾಗ ಕೋಣದ ಬಳಿ ಕುಳಿತಿದ್ದವರು ಗಿರಿಜಕ್ಕ. ಅದನ್ನು ಕರುವಾಗಿದ್ದಾಗಿನಿಂದ ಮೀಯಿಸಿ, ಹುರುಳಿ ಬೇಯಿಸಿ ಹಾಕಿ ಸಾಕಿದವರು ಆಕೆ. ಕಂಬಳದ ಗದ್ದೆಯಲ್ಲಿ ಅದನ್ನು ಓಡಿಸುತ್ತಿದ್ದವನು ಆಕೆಯ ಒಬ್ಬನೇ ಮಗ ಸುಧಾಕರ. ಆತ ಮಸ್ಕತ್ತಿಗೆ ಕೆಲಸಕ್ಕೆ ಹೋಗಿ, ಹಿಂದಿನ ವರ್ಷ ಅಲ್ಲಿಯೇ ಅಪಘಾತದಲ್ಲಿ ತೀರಿಕೊಂಡಿದ್ದ. ಶವದ ಪೆಟ್ಟಿಗೆ ಮನೆಗೆ ಬಂದಿತ್ತು. ಅದನ್ನು ತೆರೆಯಲು ಯಾರೂ ಬಿಟ್ಟಿರಲಿಲ್ಲ.

ಗಿರಿಜಕ್ಕ ನನ್ನಲ್ಲಿ ಕೇಳಿದ್ದು ಒಂದೇ. “ಮಾಷ್ಟ್ರೇ, ಎಡದ ಕಿವಿ ಸ್ವಲ್ಪ ಹಿಂದೆ, ಸ್ವಲ್ಪ ಕೆಳಗೆ ಇರ್ಲಿ. ಸುಧಾಕರ ಆ ಕಿವಿಯಲ್ಲಿ ಎಂತದೋ ಹೇಳುವುದು, ಇವ ಹಾಗೆ ಮಾಡಿ ಕೇಳುವುದು. ಎಂತ ಹೇಳುವುದು ಮಾರಾಯ ಅಂತ ಕೇಳಿದ್ರೆ, ಅದು ನಮ್ಮಿಬ್ಬರ ವಿಷಯ ಅಮ್ಮ ಅನ್ನುವವ.” ಮತ್ತೆ ಸೇರಿಸಿದರು: “ಅವನ ಮುಖ ನೋಡ್ಲಿಕ್ಕೆ ಆಗ್ಲಿಲ್ಲ. ಅವನು ಮಾತಾಡಿಸಿದ ಹಾಗೆ ಇದಾದರೂ ಉಳಿಯಲಿ.”

ಕಿವಿ ಕೂಡಿಸುವ ದಿನ ತಿಳಿಸಿದರೆ ತಾನೇ ಬಂದು ಕೈಯಿಂದ ಬಾಗಿಸಿ ತೋರಿಸುತ್ತೇನೆ ಎಂದರು. ಅಬ್ಬಾಸ್ ಒಪ್ಪಿದರು. ನಾನೂ ತಲೆಯಾಡಿಸಿದೆ.

ಉಪ್ಪು ಹಾಕಿ, ಹದಮಾಡಿ, ಅಚ್ಚು ಸಿದ್ಧವಾಗುವ ಹೊತ್ತಿಗೆ ಜುಲೈ ಬಂತು. ಅಷ್ಟರಲ್ಲಿ ನನಗೊಂದು ಯೋಜನೆ ಹೊಳೆದಿತ್ತು. ಒಂದೇ ಪ್ರಾಣಿ, ಒಂದೇ ತೊಗಲು, ಎರಡು ಕಿವಿಗಳು: ಬಲಕ್ಕೆ ಮೈದಾ, ಎಡಕ್ಕೆ ಎಪಾಕ್ಸಿ ಹಾಕಿದರೆ ಇದಕ್ಕಿಂತ ಶುದ್ಧವಾದ ಹೋಲಿಕೆ ಎಲ್ಲಿ ದೊರೆಯುತ್ತದೆ? ಕುಗ್ಗುವಿಕೆಯನ್ನು ಕೋನದಲ್ಲಿ ಅಳೆಯಬೇಕಾದರೆ ಎರಡೂ ಕಿವಿಗಳು ಒಂದೇ ಭಂಗಿಯಲ್ಲಿರಬೇಕು. ತೇವಾಂಶ ಸಮನಾಗಿರಲು ಎರಡನ್ನೂ ಒಂದೇ ದಿನ ಕೂಡಿಸಬೇಕು.

ಮಂಗಳವಾರ ನಾವು ಕೆಲಸಕ್ಕೆ ಕೂತಾಗ, ನಾರಾವಿಗೆ ಹೇಳಿಕಳುಹಿಸಿದ್ದೇನೆ, ಗಿರಿಜಕ್ಕನಿಗೆ ಬರಲಾಗುವುದು ನಾಳೆ ಎಂದು ಅಬ್ಬಾಸ್ ತಿಳಿಸಿದರು. “ಎಡದ್ದನ್ನು ನಾಳೆಗೆ ಇಡುವ ಸರ್. ಒಂದು ದಿನಕ್ಕೆ ಕಿವಿ ಓಡಿಹೋಗುವುದಿಲ್ಲ.”

ಪ್ರಯೋಗದ ನಿಯಮವನ್ನು ನಾನು ಅವರಿಗೆ ವಿವರಿಸಿದೆ. ಅವರು ವಾದಿಸಲಿಲ್ಲ. ಮೃದ್ವಸ್ಥಿ ಎಂಬ ಮೆದು ಎಲುಬನ್ನು ತೆಗೆದ ಕಿವಿಯೊಳಗೆ ಅದೇ ಆಕಾರಕ್ಕೆ ಕತ್ತರಿಸಿದ ತಗಡು ಕೂರಿಸಿ, ಅಂಟು ತುಂಬಿ, ಎರಡನ್ನೂ ಮುಂದಕ್ಕೆ ನೆಟ್ಟಗೆ ನಿಲ್ಲಿಸಿದೆವು. ಬಲಗಿವಿಗೆ ರಟ್ಟು ಒತ್ತಿ ಗುಂಡುಸೂಜಿ ಚುಚ್ಚಿದೆವು. ಎಡಗಿವಿಗೆ ಅದರ ಅಗತ್ಯವಿರಲಿಲ್ಲ. ಅರ್ಧ ಗಂಟೆ ನಾನೇ ಕೈಯಲ್ಲಿ ಹಿಡಿದು ನಿಂತೆ. ಬಿಟ್ಟಾಗ ಅದು ಅಲುಗಲಿಲ್ಲ. ಇದು ನನಗೆ ನೆನಪಿದೆ.

ಬುಧವಾರ ಮಧ್ಯಾಹ್ನ ಗಿರಿಜಕ್ಕ ಎರಡು ಬಸ್ಸು ಬದಲಾಯಿಸಿ ಬಂದರು. ತಲೆಯ ಎದುರು ನಿಂತು ಮೊದಲು ಕೊಂಬುಗಳನ್ನು ನೋಡಿದರು, ಆಮೇಲೆ ಕಣ್ಣುಗಳನ್ನು. “ಕಣ್ಣು ಸರಿ ಉಂಟು ಕಾಕ,” ಎಂದು ಅಬ್ಬಾಸರಿಗೆ ಹೇಳಿದರು. ಸೆರಗಿನಲ್ಲಿ ಕೈಯೊರಸಿಕೊಂಡು ಎಡಗಿವಿಯತ್ತ ಚಾಚಿದರು.

“ಅದು ಹಿಡಿದಾಯಿತು ಗಿರಿಜಕ್ಕ,” ಎಂದೆ. “ಇನ್ನು ಆಗುವುದಿಲ್ಲ. ಬಾಗಿಸಹೋದರೆ ಮುರಿದೀತು.”

ಆಕೆಯ ಕೈ ಅಲ್ಲಿಯೇ ನಿಂತಿತು. ನನ್ನ ಮಾತು ದಿಟವೆಂದು ತೋರಿಸಲು ಉಗುರಿನಿಂದ ಕಿವಿಯನ್ನು ತಟ್ಟಿದೆ. ಮರ ತಟ್ಟಿದಂಥ ಸದ್ದು ಬಂತು. ಗಿರಿಜಕ್ಕ ಅಂಗೈಯನ್ನು ಕಿವಿಯ ಮೇಲೆ ಹಗುರವಾಗಿ ಇಟ್ಟು ತೆಗೆದರು. ಒತ್ತಲಿಲ್ಲ. ನನ್ನ ಮಾತನ್ನು ನಂಬಿದ್ದರು.

“ಆಯ್ತು ಬಿಡಿ,” ಎಂದರು. “ಕಂಬಳದಲ್ಲಿ ಅಷ್ಟು ಮಂದಿ ಫೋಟೋ ತೆಗೆದದ್ದು ಹೀಗೆ ನಿಂತಾಗಲೇ ಅಲ್ವಾ. ಇದೂ ಇವನದ್ದೇ ಚಂದ.” ಅಬ್ಬಾಸ್ ತರಿಸಿದ ಚಹಾವನ್ನು ಪೂರ್ತಿ ಕುಡಿದರು. ಬೇಡವೆಂದರೆ ನಮಗೆ ಬೇಸರವಾದೀತೆಂದು ಕುಡಿದರೆಂದು ನನಗೆ ಆಗಲೇ ಗೊತ್ತಾಗಿತ್ತು. ಆಕೆ ಹೋದ ಬಳಿಕ ಅಬ್ಬಾಸ್ ಸಂಜೆಯವರೆಗೆ ಉಳಿದ ಕೆಲಸ ಮುಗಿಸಿದರು. ಬಾಗಿಲಿಗೆ ಬೀಗ ಹಾಕಿ ಕೀಲಿಕೈ ಕಿಸೆಗೆ ಹಾಕುತ್ತ, “ಕೋಣಕ್ಕೆ ಎರಡು ಕಿವಿ ಇದ್ದದ್ದು ಕಾಲೇಜಿಗೆ ಲಾಭ ಆಯ್ತು,” ಎಂದಷ್ಟೇ ಹೇಳಿದರು.

ಗುರುವಾರ ಬೆಳಿಗ್ಗೆ ಎಂಟು ಗಂಟೆಗೆ ನಾವಿಬ್ಬರೂ ಕೂಡಿ ಬಾಗಿಲು ತೆರೆದೆವು. ಮಳೆ ಬಿಟ್ಟಿತ್ತು, ಬೆಳಕು ಸಾಕಷ್ಟಿತ್ತು. ಬಲಗಿವಿ ರಟ್ಟಿನ ನಡುವೆ ಇದ್ದಂತೆಯೇ ಇತ್ತು. ಎಡಗಿವಿ ಹಿಂದಕ್ಕೆ ಹೊರಳಿ ತುಸು ಕೆಳಗಿಳಿದಿತ್ತು.

ಜೋತುಬಿದ್ದಿತ್ತೆಂದು ಯಾರೂ ಭಾವಿಸಬಾರದು. ಜೋತ ಕಿವಿಯನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಅದರ ತುದಿ ನೆಲ ನೋಡುತ್ತದೆ. ಇದರ ಬುಡವೇ ತಿರುಗಿತ್ತು, ಕಿವಿಯ ಬಾಯಿ ಹಿಂದಕ್ಕೆ ತೆರೆದಿತ್ತು, ಬೆನ್ನ ಬಳಿ ನಿಂತವರ ಮಾತಿಗೆ ದನಗಳು ಕಿವಿಗೊಡುವಂತೆ. ಬುಡದ ಸುತ್ತ ಸೀಳಿಲ್ಲ, ಒಂದು ಕೂದಲೂ ಕಿತ್ತಿರಲಿಲ್ಲ. ಉಗುರಿನಿಂದ ತಟ್ಟಿದೆ. ಮರದ ಸದ್ದೇ.

ನಾನು ಅಬ್ಬಾಸರ ಮುಖ ನೋಡಿದೆ. ಅವರಿಗೆ ಅರ್ಥವಾಯಿತು. “ನನ್ನ ಮಕ್ಕಳ ಮೇಲಾಣೆ ಸರ್, ನಾನು ಮುಟ್ಟಿಲ್ಲ,” ಎಂದರು. “ಮುಟ್ಟಿದ್ರೂ ಎಂತ ಮಾಡ್ಲಿಕ್ಕೆ ಆಗ್ತದೆ? ನಿಮ್ಮ ಅಂಟು ಅಲ್ವಾ.” ಸ್ಟೂಲಿನ ಮೇಲೆ ಕುಳಿತರು. ನಾನು ಚೀಲದಿಂದ ಕೋನಮಾಪಕ ತೆಗೆಯುವುದನ್ನು ಕಂಡು ಮತ್ತೆ ಹೇಳಿದರು: “ಅಳತೆ ಆಮೇಲೆ ತೆಗೆಯುವ. ಮೊದಲು ಆಕೆಗೆ ಹೇಳುವ. ಈಗಲೇ ಬಸ್ಸು ಉಂಟು.”

ನಾನು ಮೊದಲು ಅಳತೆ ತೆಗೆದೆ. ಚಿತ್ರ ತೆಗೆದೆ. ತಗಡು ತುಕ್ಕು ಹಿಡಿದು ಸಡಿಲಾಯಿತೇ, ಎಪಾಕ್ಸಿಯ ಪಾಲು ಹೆಚ್ಚುಕಡಿಮೆಯಾಯಿತೇ, ಒಳಗೆ ಗಾಳಿಗುಳ್ಳೆ ಉಳಿಯಿತೇ ಎಂದು ತಿಳಿದವರಿಗೆ ಪತ್ರ ಬರೆದೆ. ಕಾರಣ ಗೊತ್ತಾಗದೆ ಆ ತಾಯಿಯ ಮುಂದೆ ಹೋಗಿ ಏನು ಹೇಳುವುದು ಎಂಬುದು ನನ್ನ ತರ್ಕವಾಗಿತ್ತು. ನಾರಾವಿಗೆ ಹೋದದ್ದು ಆಗಸ್ಟ್ ೨ರ ಭಾನುವಾರ, ಹದಿನೇಳು ದಿನಗಳ ನಂತರ.

ಗಿರಿಜಕ್ಕ ನನ್ನ ಮಾತನ್ನೆಲ್ಲ ಕೇಳಿದರು. ಕೊನೆಗೆ, “ಮುರಿದು ಸರಿ ಮಾಡಿದ್ರಾ ಮಾಷ್ಟ್ರೇ?” ಎಂದರು.

ಇಲ್ಲವೆಂದೆ.

“ಆಗುವುದಿಲ್ಲ ಅಂತ ನೀವೇ ಹೇಳಿದ್ದು. ಆಗದ್ದು ಮುರಿಯದೆ ಹೇಗೆ ಆಗ್ತದೆ?” ದನಿಯಲ್ಲಿ ಸಿಟ್ಟಿರಲಿಲ್ಲ. “ನನ್ನ ಬೇಜಾರು ನೋಡಿ ಮಾಡಿದಿರಿ, ನನಗೆ ಗೊತ್ತಾಗ್ತದೆ. ಆದ್ರೆ ನನಗೋಸ್ಕರ ಅದರ ಕಿವಿ ಮುರಿಯಬಾರದಿತ್ತು.”

ಎಷ್ಟು ಹೇಳಿದರೂ ಆಕೆ ನಂಬಲಿಲ್ಲ. ಚಿತ್ರವನ್ನು ಮುಂದೆ ಹಿಡಿದೆ, ಮುಖ ತಿರುಗಿಸಿದರು. ತಲೆಯನ್ನು ಮೂಡುಬಿದಿರೆಗೆ ತಂದಮೇಲೆ ಎರಡು ಬಾರಿ ಕರೆಕಳುಹಿಸಿದೆ, ಬರಲಿಲ್ಲ. ೨೦೦೩ರಲ್ಲಿ ಗಿರಿಜಕ್ಕ ತೀರಿಕೊಂಡರು. ಆಕೆ ಕೇಳಿದ್ದ ಭಂಗಿಯಲ್ಲಿಯೇ ಆ ಕಿವಿ ಐದು ವರ್ಷ ಅಲ್ಲಿತ್ತು. ಆಕೆ ಒಮ್ಮೆಯೂ ನೋಡಲಿಲ್ಲ.

ಪತ್ರಗಳಿಗೆ ಬಂದ ಉತ್ತರಗಳಲ್ಲಿ ಒಂದೂ ಒಪ್ಪುವಂತಿರಲಿಲ್ಲ. ಆ ಹೋಲಿಕೆಯನ್ನು ನಾನು ಎಲ್ಲಿಯೂ ಪ್ರಕಟಿಸಲಿಲ್ಲ. ನಂಬದವನಾಗಿದ್ದ ನಾನು ನಂಬಿದೆನೆಂದೂ ಹೇಳಲಾರೆ. ಬುಧವಾರ ಕಲ್ಲಾಗಿದ್ದ ವಸ್ತು ಗುರುವಾರ ಬಾಗಿತ್ತು, ಬೀಗ ಹಾಕಿತ್ತು, ಕೀಲಿಕೈ ಹಿಡಿದವರು ಸುಳ್ಳು ಹೇಳುವವರಲ್ಲ. ಇಷ್ಟನ್ನೇ ವರ್ಷಗಟ್ಟಲೆ ನನಗೆ ನಾನು ಹೇಳಿಕೊಂಡೆ.

೨೦೦೬ರಲ್ಲಿ ನಿವೃತ್ತನಾಗುವಾಗ ಮಾದರಿಗಳ ಕೋಣೆಯನ್ನು ಇನ್ನೊಬ್ಬರಿಗೆ ವಹಿಸಿಕೊಡಬೇಕಿತ್ತು. ಅದಕ್ಕಾಗಿ ಪ್ರಯೋಗಾಲಯದ ಹಳೆಯ ದಾಸ್ತಾನು ಪುಸ್ತಕಗಳನ್ನು ತಿರುವುತ್ತಿದ್ದೆ. ೧೯೯೮ರ ಪುಸ್ತಕದಲ್ಲಿ ಎಪಾಕ್ಸಿಯ ನಮೂದು ಒಂದೇ ಇದೆ. ಆ ಬಗೆಯದನ್ನು ಬೆಂಗಳೂರಿನಿಂದ ತರಿಸುತ್ತಿದ್ದೆವು. ನಮ್ಮ ಕಡೆಯ ಅಂಗಡಿಗಳಲ್ಲಿ ಅದು ದೊರೆಯುತ್ತಿರಲಿಲ್ಲ. ಸ್ವೀಕರಿಸಿದ ದಿನಾಂಕ ಜುಲೈ ೨೨, ಕಿವಿಗಳನ್ನು ಕೂಡಿಸಿ ಎಂಟು ದಿನಗಳ ಮೇಲೆ. ಹಿಂದಿನ ವರ್ಷದ ಉಳಿಕೆ: ಇಲ್ಲ.

ಬಂಟ್ವಾಳಕ್ಕೆ ಹೋಗಿ ಅಬ್ಬಾಸರನ್ನು ಕೇಳಿದೆ, ಎಡಗಿವಿಗೆ ಆ ದಿನ ನಾವು ಹಾಕಿದ್ದು ಏನು ಎಂದು. ಅವರ ಕಣ್ಣು ಮಂಜಾಗಿತ್ತು. “ಟ್ಯೂಬು ಯಾವಾಗ ಬಂತು ನನಗೆ ನೆನಪಿಲ್ಲ ಸರ್. ಎರಡು ಬಗೆ ಮೈದಾ ಮಾಡಿ ಇಟ್ಟದ್ದು ಉಂಟು, ಗೇರಿನ ಅಂಟು ಹಾಕಿದ್ದು, ಹಾಕದ್ದು. ಆಕೆ ಕೈ ಮುಂದೆ ಮಾಡಿದ್ದು, ನೀವು ಬೇಡ ಅಂದದ್ದು, ಅದು ಮಾತ್ರ ನೆನಪುಂಟು.”

ನನ್ನ ನೆನಪು ಸರಿಯಿದ್ದರೆ, ವಿವರಿಸಲಾಗದ ಒಂದು ಸಂಗತಿಯನ್ನು ನಾನು ಕಂಡಿದ್ದೇನೆ. ಪುಸ್ತಕ ಸರಿಯಿದ್ದರೆ, ಆ ಬುಧವಾರ ಮಧ್ಯಾಹ್ನ ಕಿವಿಯೊಳಗಿದ್ದದ್ದು ಇನ್ನೂ ಹಸಿಯಾಗಿದ್ದ ಮೈದಾ. ಗಿರಿಜಕ್ಕನ ಬೆರಳು ಒತ್ತಿದ್ದರೆ ಅದು ಬಾಗುತ್ತಿತ್ತು. ಹಾಗಾದರೆ ನಾನು ತಟ್ಟಿದಾಗ ಮರದ ಸದ್ದು ಬಂದದ್ದು ಹೇಗೆ ಎಂಬುದು ತಿಳಿಯದು. ಪುಸ್ತಕದಲ್ಲಿ ತಪ್ಪು ನಮೂದಾಗಿರಬಹುದೇ ಎಂದು ಮತ್ತೆ ಮತ್ತೆ ನೋಡಿದ್ದೇನೆ. ತಿದ್ದಿದ ಗುರುತಿಲ್ಲ. ಅಕ್ಷರ ನನ್ನದು, ಸಹಿ ನನ್ನದು. ಸಹಿಯ ಕೆಳಗೆ ಇಪ್ಪತ್ತೆರಡು ಎಂದು ಬರೆದವನೂ ನಾನೇ.