ತಂತಿಯಲ್ಲಿ ಬಿದ್ದುಹೋದ ಕೊಕ್ಕೆ

ಬೆಳಿಗ್ಗೆ ಮೊಮ್ಮಗಳು ಫೋನಿಗೆ ಇಂಗ್ಲಿಷಿನಲ್ಲಿ ಒಂದು ಸಾಲು ಕಳಿಸಿದ್ದಳು, ಭಾನುವಾರ ಬರುತ್ತೇನೆಂದು. ‘ಐ ವಿಲ್’ ಎಂಬುದನ್ನು ‘ಐಲ್’ ಎಂದು ಮೊಟಕು ಮಾಡಿ, ಅಕ್ಷರಗಳ ನೆತ್ತಿಯ ಮೇಲಿರಬೇಕಾದ ಕೊಕ್ಕೆಯನ್ನೂ, ಅದೇ ಅಪಾಸ್ಟ್ರಫಿಯನ್ನು, ಬಿಟ್ಟಿದ್ದಳು. ಕೊಕ್ಕೆ ಬಿಟ್ಟರೆ ಉಳಿಯುವ ಮೂರಕ್ಷರವನ್ನು ‘ಇಲ್’ ಎಂದು ಓದಬೇಕು, ಎಂದರೆ ಕಾಯಿಲೆ. ಈಗ ಯಾರೂ ಹಾಗೆ ಓದುವುದಿಲ್ಲ ಬಿಡಿ. ನನ್ನ ಕಾಲದಲ್ಲಿ ಓದಿದರು.

ಅರವತ್ತರ ದಶಕ. ಸಾಗರದಲ್ಲಿ, ಅಣೆಕಟ್ಟಿನ ಕೆಲಸ ಹಿಡಿದಿದ್ದ ಕಂಟ್ರಾಕ್ಟರರೊಬ್ಬರ ಆಫೀಸಿನಲ್ಲಿ ನಾನು ಟೈಪಿಸ್ಟ್. ಅಲ್ಲಿಗೆ ಬರುತ್ತಿದ್ದ ಇಂಜಿನಿಯರುಗಳು ‘ಡೋಂಟ್’, ‘ಕಾಂಟ್’, ‘ಐಲ್’ ಎಂದು ಮಾತು ಕತ್ತರಿಸಿ ಎಸೆಯುವುದನ್ನು ಕೇಳಿ ನನಗೆ ಜ್ಞಾನೋದಯವಾಗಿತ್ತು: ‘ಡು ನಾಟ್’ ಎನ್ನುವವನು ಮೇಷ್ಟರ ಶಿಷ್ಯ, ‘ಡೋಂಟ್’ ಎನ್ನುವವನು ಸಾಹೇಬ. ಅಂದಿನಿಂದ ಸೌದೆ ಅಂಗಡಿಯವನಿಗೂ ‘ಡೋಂಟ್’ ಎಂದೆ. ಹಸಿ ಸೌದೆ ಕೊಡುವುದನ್ನು ಅವನೇನೂ ನಿಲ್ಲಿಸಲಿಲ್ಲ.

ತೀರ್ಥಹಳ್ಳಿಯಲ್ಲೊಂದು ಹೆಣ್ಣು ನೋಡುವುದೆಂದಾಯಿತು. ಯಾವತ್ತು ಬರುತ್ತೀರೆಂದು ಅವರು ಕೇಳಿ ಬರೆದರು. ಅಂಚೆ ಕಾರ್ಡು ಸಾಕಿತ್ತು, ನಾನು ತಂತಿ ಕೊಟ್ಟೆ, ಎಂದರೆ ಟೆಲಿಗ್ರಾಂ. ಹುಡುಗಿಯ ಸೋದರಮಾವ ಇಂಗ್ಲಿಷ್ ಮೇಷ್ಟರಂತೆ, ಸ್ವಲ್ಪ ಬೆರಗಾಗಲಿ ಎಂದು ‘ಐಲ್ ಕಮ್ ಸಂಡೇ’ ಎಂದು ಬರೆದೆ. ಕೊಕ್ಕೆ ದಾರಿಯಲ್ಲೆಲ್ಲೋ ಬಿದ್ದುಹೋಯಿತು. ಮೇಷ್ಟರು ಓದಿಕೊಂಡದ್ದು: ‘ಕಾಯಿಲೆ. ಭಾನುವಾರ ಬನ್ನಿ.’

ಭಾನುವಾರ ಹೊಸನಗರದಲ್ಲಿ ನಮ್ಮ ಬಸ್ಸು ನಿಂತಿದ್ದಾಗ ಬಾಡಿಗೆ ಕಾರೊಂದು ಧೂಳೆಬ್ಬಿಸಿಕೊಂಡು ಸಾಗರದ ಕಡೆ ಹೋಯಿತು. ನನ್ನ ಇಸ್ತ್ರಿ ಅಂಗಿಯ ಮೇಲೆ ಕೂತದ್ದು ಹೆಣ್ಣಿನ ಕಡೆಯವರೇ ಎಬ್ಬಿಸಿದ ಧೂಳೆಂದು ಆಗ ತಿಳಿಯಲಿಲ್ಲ.

ತೀರ್ಥಹಳ್ಳಿಯ ಮನೆಯಲ್ಲಿ ಅಜ್ಜಿ, ಹುಡುಗಿ ಇಬ್ಬರೇ. ಹೆಸರು ಹೇಳಿದ್ದೇ ಅಜ್ಜಿ ಹೌಹಾರಿದರು.

“ಅಯ್ಯೋ, ಎದ್ದು ಬಂದ್ರಾ? ಜ್ವರ ಬಿಡ್ತಾ?”

“ಎಂತ ಜ್ವರ?”

“ನಿಮ್ಮನ್ನ ನೋಡೋಕೆ ಅಂತ್ಲೇ ಎಲ್ಲಾ ಸಾಗರಕ್ಕೆ ಹೋಗಿದಾರೆ, ಮೂಸಂಬಿ ತಗೊಂಡು!”

ಬಾಗಿಲ ಹಿಂದೆ ಹುಡುಗಿ ನಕ್ಕಿದ್ದು ಕೇಳಿಸಿತು. ಯಾವುದಕ್ಕೂ ಇರಲಿ ಎಂದು ಅಜ್ಜಿ ಮಧ್ಯಾಹ್ನ ನನಗೆ ಗಂಜಿಯನ್ನೇ ಬಡಿಸಿದರು.

ನನ್ನ ಕೋಣೆಯ ಬೀಗ ನೋಡಿಕೊಂಡು ಸಂಜೆ ಅವರೆಲ್ಲ ಮರಳಿದರು. ಮೇಷ್ಟರು ಜೇಬಿನಿಂದ ತಂತಿ ತೆಗೆದು ನನ್ನ ಮುಂದೆ ಹಿಡಿದರು. ನಾನು ಕೊಕ್ಕೆಯ ವಿಷಯ ವಿವರಿಸಿದೆ.

“ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದೀನಿ. ಮರ್ಯಾದಸ್ಥರು ‘ಐ ವಿಲ್’ ಅಂತಾರೆ. ಒಂದು ಮಾತು ಪೂರ್ತಿ ಬರೆಯೋಕಾಗದವ್ರು ಸಂಸಾರ ಎಂತ ಮಾಡ್ತಾರೆ? ಈ ಸಂಬಂಧ ಬೇಡ!”

ನಾನು ಸಾಹೇಬಗಿರಿ ಬಿಟ್ಟು ಚಪ್ಪಲಿ ಹುಡುಕತೊಡಗಿದೆ. ಆಗ ಒಳಗಿಂದ ಹುಡುಗಿಯ ದನಿ ಬಂತು.

“ಮಾವ, ಬರ್ತೀನಿ ಅಂದಿದ್ರಂತೆ. ಬಂದಿದಾರಲ್ಲ.”

ಅವಳ ತಂದೆ ನಕ್ಕುಬಿಟ್ಟರು. ಮದುವೆಯಾಯಿತು. ಮೇಷ್ಟರು ಬಂದು, ಉಂಡು, ಲಗ್ನಪತ್ರಿಕೆಯ ಇಂಗ್ಲಿಷಿನಲ್ಲಿ ನಾಲ್ಕು ತಪ್ಪು ತೋರಿಸಿ ಹೋದರು.

ಈ ಕಥೆಯನ್ನು ಎಷ್ಟೋ ಮನೆಗಳಲ್ಲಿ ಹೇಳಿದ್ದೇನೆ. ‘ಮೇಷ್ಟರಿಗೆ ತಿಳಿಯದ್ದು ನಮ್ಮ ಸುಮಿತ್ರೆಗೆ ತಂತಿ ಓದಿದ ಕೂಡಲೇ ತಿಳಿದಿತ್ತು’ ಎಂದು ಕೊನೆಯಲ್ಲಿ ಸೇರಿಸುವುದು ರೂಢಿ. ಅಂಥವಳನ್ನು ಗೆದ್ದವನು ನಾನು ಎಂಬುದು ಕೇಳಿದವರಿಗೆ ತಾನಾಗಿ ಹೊಳೆಯಲಿ ಎಂದು. ಇವತ್ತೂ ಅವಳೆದುರೇ ಅದನ್ನೇ ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು, ತಲೆಯೆತ್ತಲಿಲ್ಲ.

“ನಾನೆಲ್ಲಿ ಓದಿದ್ದೆ? ನನ್ನ ಮದುವೆ ವಿಷಯದ ತಂತಿನ ನನ್ನ ಕೈಗೆ ಯಾರು ಕೊಟ್ರು? ನೀವಾದ್ರೂ ಇಷ್ಟು ವರ್ಷದಲ್ಲಿ ಒಂದ್ಸಲ ಕೇಳಿದ್ರಾ?”

ಕೇಳಿರಲಿಲ್ಲ. ಉಳಿದ ಕಥೆಯನ್ನು ಅವಳ ಬಾಯಲ್ಲೇ ಕೇಳೋಣವೆಂದು, ಎದುರಿಗೆ ಕೂತು ನಾನೂ ಅವರೆಕಾಯಿ ಸುಲಿಯತೊಡಗಿದೆ.