ಜಡೆ ಪೈಪಿಗೆ ಇನ್ನೊಂದು ಸುತ್ತು

ಈಗ ಮನೆಮನೆಯ ಮುಂದೆ ಕಾರು ನಿಂತಿರುತ್ತದೆ, ಯಾರೂ ತಿರುಗಿ ಸಹ ನೋಡುವುದಿಲ್ಲ. ಎಂಬತ್ತರ ದಶಕದಲ್ಲಿ ಸಂಶಿಯ ಆಚೆಗಿನ ನಮ್ಮ ಹಳ್ಳಿಗೆ ಇದ್ದದ್ದು ಒಂದೇ ಕಾರು, ನಮ್ಮಪ್ಪನ ಬಾಡಿಗೆ ಅಂಬಾಸಿಡರ್. ಮದುವೆಗೆ, ಹೆರಿಗೆಗೆ, ಕೋರ್ಟಿಗೆ, ಯಮನೂರಿನ ಹರಕೆಗೆ, ಎಲ್ಲಕ್ಕೂ ಅದೇ. ಕಾರಿನ ಮನೆಯ ಹುಡುಗಿ ಎಂದು ನಾನು ಶಾಲೆಯಲ್ಲಿ ಮೆರೆಯುತ್ತಿದ್ದೆ. ನನ್ನ ಮೆರೆದಾಟವನ್ನು ಸಹಿಸಿಕೊಂಡಿದ್ದವಳು ಬಾಜು ಮನೆಯ ನೀಲಿ ಒಬ್ಬಳೇ. ನಮ್ಮಿಬ್ಬರಿಗೂ ಆಗ ಹತ್ತು ವರ್ಷ.

ಆ ವರ್ಷ ಮಹಾನವಮಿಯ ಹೊತ್ತಿಗೆ ಕಾರಿನಲ್ಲಿ ಕೂತವರಿಗೆಲ್ಲ ಪೆಟ್ರೋಲ್ ವಾಸನೆಗೆ ತಲೆ ಸುತ್ತತೊಡಗಿತು. ಪಂಪಿನಿಂದ ಕಾರ್ಬೊರೇಟರಿಗೆ ಪೆಟ್ರೋಲ್ ಒಯ್ಯುವ ರಬ್ಬರ್ ಪೈಪು ಬಿರುಕು ಬಿಟ್ಟಿತ್ತು. ಅಪ್ಪ ಹುಬ್ಬಳ್ಳಿಯ ಗುಜರಿಯಿಂದ ಹೊಸ ನಮೂನೆಯ ಪೈಪೊಂದನ್ನು ತಂದ. ಒಳಗೆ ರಬ್ಬರು, ಮೇಲೆ ತೆಳ್ಳನೆಯ ಉಕ್ಕಿನ ಎಳೆಗಳ ಹೆಣಿಗೆ. ನೀಲಿ ಅದನ್ನು ತನ್ನ ಜಡೆಯ ಪಕ್ಕ ಹಿಡಿದು ನೋಡಿದಳು.

"ಕಾಕಾ, ಇದಕ್ಕೂ ಎಣ್ಣಿ ಹಚ್ಚಿ ಹೆಣದಾರೇನ್ರಿ?"

"ನಿನ್ನ ಜಡಿಕಿಂತ ಗಟ್ಟಿ ಐತವ್ವ. ಕಾರ್ ಹ್ವಾದ್ರೂ ಇದು ಹೋಗಂಗಿಲ್ಲ" ಎಂದ ಅಪ್ಪ. ಅಂದಿನಿಂದ ಅದು ನಮ್ಮ ಬಾಯಲ್ಲಿ ಜಡೆ ಪೈಪು.

ಖಂಡೇನವಮಿಯ, ಅಂದರೆ ಆಯುಧಪೂಜೆಯ, ಹಿಂದಿನ ದಿನ ಮಧ್ಯಾಹ್ನ ಅಪ್ಪ ಅದನ್ನು ಕೂಡಿಸಲು ಕುಳಿತ. ಕತ್ತರಿಸುವ ಜಾಗಕ್ಕೆ ಕರಿ ಟೇಪು ಬಿಗಿಯಾಗಿ ಸುತ್ತಿ, ಟೇಪಿನ ಮೇಲೆಯೇ ಗರಗಸ ಆಡಿಸಿದ. ಟೇಪಿಲ್ಲದೆ ಕೊಯ್ದರೆ ಎಳೆಗಳೆಲ್ಲ ಬಿಚ್ಚಿಕೊಂಡು ಬೆರಳಿಗೆ ಚುಚ್ಚುತ್ತವೆ. ಒಳಗಿನ ಪುಡಿ ಹೋಗಲೆಂದು ಪೈಪಿನಲ್ಲಿ ಒಮ್ಮೆ ಪೆಟ್ರೋಲ್ ಹಾಯಿಸಿದ. ಪಂಪಿನ ಹಿಂದಿನ ಇಕ್ಕಟ್ಟಿನಲ್ಲಿ ಅಪ್ಪನ ಕೈ ಹಿಡಿಸುತ್ತಿರಲಿಲ್ಲ. ಅಲ್ಲಿ ಪೈಪನ್ನು ಬಿಗಿಹಿಡಿಯುವ ಕ್ಲಿಪ್ಪಿನ ತಿರುಪು ತಿರುಗಿಸಿದವಳು ನಾನು. ಇಂಜಿನ್ ಸುರು ಮಾಡಿದರೆ ಒಂದು ಹನಿಯೂ ಸೋರಲಿಲ್ಲ.

"ಇಷ್ಟಕ್ಕ ಮುಗೀಲಿಲ್ಲ. ಬಿಸಿಯಾದ ಮ್ಯಾಲೆ ರಬ್ಬರ್ ಮೆತ್ತಗಾಗತೈತಿ. ತಣ್ಣಗಾಗ್ಲಿ, ಇನ್ನೊಂದ್ ಸುತ್ತು ಬಿಗಿ ಮಾಡೂಣು" ಎಂದ ಅಪ್ಪ.

ಅಷ್ಟರಲ್ಲಿ ಆಯಿ, ಅಂದರೆ ಅಪ್ಪನ ತಾಯಿ, ಒಳಗಿನಿಂದ ಕೂಗಿದಳು. ದೀಪ ಹಚ್ಚುವ ಮೊದಲು ಮನೆಯ ಕಬ್ಬಿಣವೆಲ್ಲ ತೊಳೆದು ದೇವರ ಮುಂದೆ ಇಡಬೇಕು. ಕುಡಗೋಲು, ಕೊಡಲಿ, ನಟ್ಟು ಬಿಚ್ಚುವ ಪಾನಾ, ಸ್ಕ್ರೂಡ್ರೈವರ್ ಎಲ್ಲ ಕುಂಕುಮ ಹಚ್ಚಿಸಿಕೊಂಡು ಸಾಲಾಗಿ ಕುಳಿತವು. ದಶಮಿಯ ದಿನ ಬನ್ನಿ ಎಲೆ ಕೊಡುವವರೆಗೆ ಯಾವುದನ್ನೂ ಮುಟ್ಟುವಂತಿಲ್ಲ.

"ನಡುವ ಎತ್ತಿದ್ರ ನಿಮ್ಮಪ್ಪನ ಕೈಗಿ ಕೇಡು, ತಿಳೀತಿಲ್ಲ?" ಎಂದು ಆಯಿ ನನ್ನನ್ನೇ ನೋಡಿ ಹೇಳಿದಳು. ಆ ಇನ್ನೊಂದು ಸುತ್ತು ಹಬ್ಬದ ನಂತರಕ್ಕೆ ಉಳಿಯಿತು.

ಮರುದಿನ ಮನೆ ತುಂಬ ಹೂರಣದ ಘಮ. ಕಾರಿನ ಮಾಲೆಗೆ ಚೆಂಡು ಹೂವು ತರೋಣ ಬಾ ಎಂದು ನೀಲಿ ಕರೆದಳು. "ನೀ ಹೋಗಿ ಬಾ, ನಾ ಕಾರ್ ಕಾಯ್ತೀನಿ" ಎಂದೆ, ದೊಡ್ಡ ಡ್ರೈವರನ ಗತ್ತಿನಲ್ಲಿ. ಅರ್ಧ ತಾಸಿನಲ್ಲಿ ಅವಳ ಅವ್ವ ಅವಳನ್ನು ಹೆಗಲ ಮೇಲೆ ಹೊತ್ತು ಓಡಿ ಬಂದಳು. ಶೇಂಗಾ ಹೊಲದ ಬದುವಿನಲ್ಲಿ ನಾಗರಹಾವು ಕಚ್ಚಿತ್ತು.

ಅಪ್ಪ ನೀಲಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸುತ್ತಲೇ ಕೂಗಿದ. "ಗೌರಿ, ಸ್ಕ್ರೂಡ್ರೈವರ್ ತಂದು ಆ ಕ್ಲಿಪ್ ಒಂದ್ ಸುತ್ತು ತಿರುವು. ಜಲ್ದಿ!"

ದೇವರ ಕೋಣೆಯಲ್ಲಿ ಯಾರೂ ಇರಲಿಲ್ಲ. ಇದನ್ನು ಒತ್ತಿ ಹೇಳಬೇಕು, ಏಕೆಂದರೆ ಆಯಿ ಅಡ್ಡ ನಿಂತಳೆಂದು ಎಷ್ಟೋ ವರ್ಷ ನನಗೆ ನಾನೇ ಕಥೆ ಕಟ್ಟಿಕೊಂಡಿದ್ದೆ. ಆಯಿ ಹೊರಗೆ ಕಾರಿನ ಬಳಿ ಅಳುತ್ತ ನಿಂತಿದ್ದಳು. ಸ್ಕ್ರೂಡ್ರೈವರಿನ ಮೇಲೆ ಕುಂಕುಮವಿತ್ತು, ಅಷ್ಟೇ. ನನಗೆ ಅಪ್ಪನ ಕೈ ನೆನಪಾಯಿತು, ಹೆದರಿದೆ. ಬರಿಗೈಯಲ್ಲಿ ಹೊರಗೆ ಬಂದು ಬಾನೆಟ್ಟಿನೊಳಗೆ ಕೈ ತೂರಿಸಿ ಕ್ಲಿಪ್ಪನ್ನು ಬೆರಳಿನಿಂದ ಮುಟ್ಟಿದೆ.

"ತಿರುವಿದಿ?" ಎಂದ ಅಪ್ಪ.

"ಬಿಗಿ ಐತಿ" ಎಂದೆ.

ಸಂಶಿ ದಾಟಿ, ದವಾಖಾನೆಯಿದ್ದ ಕುಂದಗೋಳದ ಹಾದಿಯಲ್ಲಿ ಇಂಜಿನ್ ಕೆಮ್ಮಿ ನಿಂತಿತು. ಬಾನೆಟ್ ಎತ್ತಿದರೆ ಪೈಪು ಪಂಪಿನಿಂದ ಕಳಚಿ ಬಿಸಿ ಇಂಜಿನ್ ಮೇಲೆಲ್ಲ ಪೆಟ್ರೋಲ್ ಚೆಲ್ಲಿತ್ತು. ಅಪ್ಪ ಸೀಟಿನ ಕೆಳಗೆ ಕೈ ಹಾಕಿದ. ಸದಾ ಅಲ್ಲಿರುತ್ತಿದ್ದ ಪಾನಾ, ಸ್ಕ್ರೂಡ್ರೈವರ್ ಯಾವುದೂ ಇರಲಿಲ್ಲ, ಎಲ್ಲವೂ ದೇವರ ಮುಂದಿದ್ದವು. ನೀಲಿಯ ಅವ್ವನ ಸೆರಗಿನ ಗಂಟಿನಲ್ಲಿದ್ದ ಹತ್ತು ಪೈಸೆಯಿಂದ ತಿರುಪು ತಿರುಗಿಸಲು ನೋಡಿದೆ. ಹಗುರ ಅಲ್ಯೂಮಿನಿಯಂ ನಾಣ್ಯ, ಮಡಚಿಕೊಂಡಿತು. ನನ್ನ ರಿಬ್ಬನ್ ಬಿಚ್ಚಿ ಕಟ್ಟಿದೆವು. ಒಂದು ಫರ್ಲಾಂಗ್ ಹೋಗುವುದರೊಳಗೆ ಮತ್ತೆ ಕಳಚಿತು. ಮತ್ತೆ ಕಟ್ಟಿದೆವು, ಮತ್ತೆ ಕಳಚಿತು. ತುದಿಯ ಟೇಪು ಬಿಚ್ಚಿ ಹೋಗಿ ಉಕ್ಕಿನ ಎಳೆಗಳು ಚುಚ್ಚಿ ಅಪ್ಪನ ಬೆರಳುಗಳೆಲ್ಲ ರಕ್ತವಾದವು. ಕೇಡು ಬರುವುದಿದ್ದರೆ ಹೀಗೂ ಬರುತ್ತದೆ ಎಂದು ನನಗೇನು ಗೊತ್ತಿತ್ತು? ಹಾದಿಯಲ್ಲಿ ಒಂದು ಎತ್ತಿನ ಚಕ್ಕಡಿಯೂ ಇಲ್ಲ. ಅವೂ ಅವತ್ತು ಪೂಜೆಗೆ ನಿಂತಿದ್ದವು.

"ಗೌರಿ, ಕಣ್ಣ ತೆರಿಯಾಕ ಬರವಲ್ದು" ಎಂದಳು ನೀಲಿ, ತೊದಲುತ್ತ. "ಎಲ್ಲಿಗಿ ಬಂದ್ವಿ?"

"ಕುಂದಗೋಳ ಬಂತು" ಎಂದೆ. ಬಂದಿರಲಿಲ್ಲ.

ಕೊನೆಗೆ ಅಪ್ಪ ಅವಳನ್ನು ಎತ್ತಿಕೊಂಡು ಓಡಿದ. ಹಿಂದೆ ಅವಳ ಅವ್ವ, ಅವಳ ಹಿಂದೆ ನಾನು. ದವಾಖಾನೆಯ ಮೆಟ್ಟಿಲು ಹತ್ತುವಾಗ ನೀಲಿಯ ಜಡೆ ಅಪ್ಪನ ತೋಳಿನಿಂದ ಇಳಿಬಿದ್ದು ತೂಗಾಡುತ್ತಿತ್ತು. ಡಾಕ್ಟರು ನಾಡಿ ಹಿಡಿದು ನೋಡಿ, ಕೈಯನ್ನು ಮೆಲ್ಲಗೆ ಕೆಳಗಿಟ್ಟರು.

ಆಮೇಲೆ ಕಾರು ಇದ್ದಷ್ಟು ವರ್ಷ ಅಪ್ಪ ಖಂಡೇನವಮಿಗೆ ಒಂದು ಸ್ಕ್ರೂಡ್ರೈವರನ್ನು ದೇವರಿಗೆ ಕೊಡದೆ ಕಿಸೆಯಲ್ಲೇ ಇಟ್ಟುಕೊಳ್ಳುತ್ತಿದ್ದ. ಆಯಿ ಉಳಿದವಕ್ಕಷ್ಟೇ ಕುಂಕುಮ ಹಚ್ಚುತ್ತಿದ್ದಳು. ನೀಲಿಯ ಅವ್ವ ನಮ್ಮ ಮನೆಗೆ ಬರುವುದನ್ನು ಬಿಡಲಿಲ್ಲ. ಬಂದಾಗಲೆಲ್ಲ ನನ್ನನ್ನು ಮುಂದೆ ಕೂಡಿಸಿಕೊಂಡು ತಲೆ ಬಾಚಿ ಜಡೆ ಹಾಕುತ್ತಿದ್ದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

ಊರಿಗೀಗ ಒಳ್ಳೆಯ ರಸ್ತೆಯಾಗಿದೆ, ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತದೆ. ನನ್ನ ಅಡುಗೆಮನೆಯ ಗ್ಯಾಸ್ ಪೈಪಿಗೂ ಅಂಥದೇ ಹೆಣಿಗೆಯಿದೆ. ಅದರ ಕ್ಲಿಪ್ಪನ್ನು ದಿನಕ್ಕೆರಡು ಸಲ ಮುಟ್ಟಿ ನೋಡುತ್ತೇನೆ, ಮನೆಯವರು ನಗುತ್ತಾರೆ. ಯಾರ ಬಾಯಿಂದಲೂ ಇಷ್ಟು ವರ್ಷ ನನಗೊಂದು ಕೆಟ್ಟ ಮಾತು ಬರಲಿಲ್ಲ.

ಹೋದ ವರ್ಷ ಅಪ್ಪ ಹಾಸಿಗೆ ಹಿಡಿದ. ಕೊನೆಯ ದಿನಗಳಲ್ಲೊಮ್ಮೆ ನನ್ನ ಕೈಯನ್ನು ತನ್ನ ಕೈಯೊಳಗೆ ತೆಗೆದುಕೊಂಡು ಹೇಳಿದ. "ಅವತ್ತ ತಪ್ಪು ನಂದವ್ವ. ನೀ ಪಾಪ ತಿರುವಿದ್ದಿ. ಸಣ್ಣ ಕೈ, ಬಲ ಸಾಲಲಿಲ್ಲ. ನಾನ ನೋಡಬೇಕಿತ್ತು."

ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು.

"ಹೌದಪ್ಪ" ಎಂದೆ.