ಅವ್ವ ಒಂದು ದಿನ ತೊಟ್ಟ ಬಳೆ

ಕೆಳಗಿನ ಮನೆಯವರು ಬೆಳಿಗ್ಗೆ ಉಕಡೆ ಎಂಬ ಕುಚ್ಚಲಕ್ಕಿಯ ಗಂಜಿ ಬೇಯಿಸುತ್ತಾರೆ. ಅದರ ಹಬೆ ಮೆಟ್ಟಿಲು ಹತ್ತಿ ನಮ್ಮ ಬಾಗಿಲಿಗೆ ಬಂದಾಗ ನಿಮಗೆ ಅದು ಬರೀ ಗಂಜಿಯ ವಾಸನೆ. ನನಗೆ ಶನಿವಾರದ ವಾಸನೆ. ಶನಿವಾರ ಅವ್ವ ಅನ್ನ ಬಸಿದ ತಿಳಿಯನ್ನು ಜರ್ಮನ್ ಬೋಗುಣಿಯಲ್ಲಿ ತೆಗೆದಿಟ್ಟು, ನಾಲ್ಕು ಹನಿ ನೀಲಿ ಬೆರೆಸಿ, ತನ್ನ ಒಂದೇ ಒಂದು ಬಿಳಿ ಸೀರೆಯನ್ನು ಅದರಲ್ಲಿ ಅದ್ದುತ್ತಿದ್ದಳು. ಸೀರೆಯ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ಹಿಂಡಿ, ಜಾಡಿಸಿ, ನಾವು ಬಾಡಿಗೆಗಿದ್ದ ಚಾಳದ ಹಿಂದಿನ ಗೇರುಮರಕ್ಕೆ ಕಟ್ಟಿದ ಹಗ್ಗದ ಮೇಲೆ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಕಾಗದದಂತೆ ಗರಿಗರಿಯಾಗುತ್ತಿತ್ತು. ಭಾನುವಾರ ಅದನ್ನುಟ್ಟು, ಮೊಣಕೈ ದಾಟಿದ ತೋಳಿನ ಜಂಪರ್ ತೊಟ್ಟು, ತಲೆಯ ಮೇಲೆ ಸೆರಗು ಹೊದ್ದು ಅವ್ವ ನಡೆದರೆ ಸರ್ ಸರ್ ಸದ್ದು. ಅವಳ ಮೈಮೇಲೆ ಸದ್ದು ಮಾಡುವಂಥದ್ದು ಬೇರೇನೂ ಇರಲಿಲ್ಲ. ಬಳೆ ಇಲ್ಲ, ಕಾಲುಂಗುರ ಇಲ್ಲ, ಕಿವಿಯ ತೂತು ಮುಚ್ಚದಿರಲೆಂದು ಹೆಂಗಸರು ಸಿಕ್ಕಿಸಿಕೊಳ್ಳುವ ಬೇವಿನ ಕಡ್ಡಿ ಕೂಡ ಇಲ್ಲ.

ಮೊಮ್ಮಕ್ಕಳೇ, ನೀವು ಆ ಚಾಳ ನೋಡಿಲ್ಲ. ದಾಬೋಲಿಮ್‌ನಲ್ಲಿ ಅದಿದ್ದ ಜಾಗದಲ್ಲಿ ಈಗ ಬಾಡಿಗೆ ಕಾರುಗಳು ನಿಲ್ಲುತ್ತವೆ. ವಿಜಯಪುರದ ಕಡೆಯಿಂದ ದುಡಿಯಲು ಬಂದ ನಮ್ಮ ಅಪ್ಪ ಬಂದರಿನಲ್ಲಿ ಮೂಟೆ ಹೊರುತ್ತಿದ್ದ, ಹೊತ್ತದ್ದೆಲ್ಲ ಕುಡಿಯುತ್ತಿದ್ದ. ಹಾಗಿರುವಾಗ ಕ್ರೈಸ್ತ ಸಭೆಯವರು ಮನೆಗೆ ಬಂದರು, ಪ್ರಾರ್ಥನೆ ಮಾಡಿದರು, ಅಪ್ಪ ಕುಡಿಯುವುದನ್ನು ಬಿಟ್ಟ. ಇದು ಖರೆ, ಇದನ್ನು ನಾನು ಅಲ್ಲಗಳೆಯುವುದಿಲ್ಲ. ನಮ್ಮ ಒಲೆ ಎರಡು ಹೊತ್ತು ಉರಿಯತೊಡಗಿದ್ದು ಆಗಿನಿಂದಲೇ. ಇಬ್ಬರೂ ದೀಕ್ಷಾಸ್ನಾನ ಮಾಡಿಸಿಕೊಂಡರು. ಆದರೆ ಅಂದು ಅಪ್ಪ ನೀರಿನಿಂದ ಎದ್ದು ಬಂದದ್ದು ಹೋದ ಹಾಗೆಯೇ, ಅವ್ವ ಎದ್ದು ಬಂದದ್ದು ಬರಿಗೈಯಲ್ಲಿ, ಬರಿಗಿವಿಯಲ್ಲಿ. ಕುಡಿದವನು ಅಪ್ಪ, ಕಳಚಿಟ್ಟವಳು ಅವ್ವ. ಹೆಂಗಸಿಗೆ ಒಳ್ಳೆಯ ನಡತೆಯೇ ಒಡವೆ ಎಂದು ಸಭೆಯ ಹಿರಿಯರು ಕೈಯೆತ್ತಿ ಬೋಧಿಸುವಾಗ ಅವರ ಮಣಿಕಟ್ಟಿನಲ್ಲಿ ಚಿನ್ನದ ಬಣ್ಣದ ಗಡಿಯಾರ ಫಳಫಳ ಹೊಳೆಯುತ್ತಿತ್ತು. ಅದು ಒಡವೆಯಲ್ಲವಂತೆ, ವೇಳೆ ನೋಡಲಿಕ್ಕಂತೆ.

ಚಾಳದ ಒಡತಿ ಫಿಲುಬಾಯಿಯೂ ಕ್ರೈಸ್ತಳೇ. ಮೊಣಕಾಲಿನವರೆಗಿನ ಹೂವಿನ ಫ್ರಾಕು, ಕಿವಿಯಲ್ಲಿ ಬಂಗಾರ, ತುಟಿಗೆ ಕೆಂಪು ಹಚ್ಚಿಕೊಂಡು ದೊಡ್ಡ ಇಗರ್ಜಿಗೆ ಹೋಗುತ್ತಿದ್ದಳು. ಅವಳತ್ತ ನೋಡಬೇಡಿ ಎಂದು ಸಭೆಯಲ್ಲಿ ನಮಗೆ ಹೇಳಿಕೊಟ್ಟಿದ್ದರು. ಅವಳು ಮಾತ್ರ ಹಗ್ಗದ ಮೇಲಿನ ಬಿಳಿ ಸೀರೆ ನೋಡಿ ಯೇಸುವನ್ನು ಜೆಜು ಎನ್ನುತ್ತ, ಕೊಂಕಣಿ ಬೆರೆತ ತನ್ನ ಮುರುಕು ಕನ್ನಡದಲ್ಲಿ ಅವ್ವನನ್ನು ರೇಗಿಸುತ್ತಿದ್ದಳು: "ಕಿತೆಂ ಗೊ ಸಾರಾ, ನಿಮ್ಮ ಜೆಜು ಬೇರೆ, ನಮ್ಮ ಜೆಜು ಬೇರೆ ಏನು? ನನ್ನ ಕಿವಿ ನೋಡಿ ಅವನು ಒಂದಿನಾನೂ ಮುಖ ತಿರುಗಿಸಿಲ್ಲ." ಅವ್ವ ನಕ್ಕು ಸೀರೆ ಮಡಚಿಕೊಳ್ಳುತ್ತಿದ್ದಳು. ಮೈ ಮುಚ್ಚಿಕೊಂಡಿರುವುದು ಅವಳಿಗೆ ಭಾರವಾಗಿರಲಿಲ್ಲ. ನನಗೂ ಅಲ್ಲ, ಈಗಲೂ ನಾನು ಮೊಣಕೈವರೆಗೆ ಜಂಪರ್ ಹೊಲಿಸುತ್ತೇನೆ, ಸೆರಗಿಲ್ಲದೆ ಹೊರಗೆ ಬರಲಾರೆ. ನನ್ನ ಸಿಟ್ಟು ಸೆರಗಿನ ಮೇಲಲ್ಲ, ಅದರ ಅಳತೆ ಹಿಡಿಯಲು ಬಂದವರ ಮೇಲೆ.

ಅವ್ವನಿಗೆ ಒಬ್ಬಳೇ ತಂಗಿ, ಗಂಗವ್ವ. ಗಂಡ ಗೋಡೆ ಕಟ್ಟುವ ಗೌಂಡಿ ಕೆಲಸದವನು, ಕೆಪೆಯಲ್ಲಿದ್ದರು. ಅವರು ಸಭೆಗೆ ಸೇರಿದವರಲ್ಲ. ಅಕ್ಕತಂಗಿಯರ ತಾಯಿ ತೀರಿಹೋಗಿ ವರ್ಷಗಳಾಗಿದ್ದವು, ಊರು ದೂರ, ಹೀಗಾಗಿ ಗಂಗವ್ವನಿಗೆ ತವರೆಂದರೆ ಅವ್ವ. ಚಿಕ್ಕವ್ವ ಚೊಚ್ಚಲ ಬಸುರಿಯಾದಾಗ ಕುಬಸದ ಕಾರ್ಯ ಇಟ್ಟುಕೊಂಡರು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ತವರಿನವರು ಉಡಿ ತುಂಬಬೇಕು. ಅವ್ವ ಅಕ್ಕಿ, ಕೊಬ್ಬರಿ, ಉತ್ತತ್ತಿ, ಜಂಪರ್ ಪೀಸು ಎಲ್ಲ ಕಟ್ಟಿಕೊಂಡು ನನ್ನನ್ನು ಕರೆದುಕೊಂಡು ಹೋದಳು. ದೀಕ್ಷಾಸ್ನಾನದ ನಂತರ ಅದೇ ಮೊದಲ ಸಲ ಆ ಮನೆಗೆ ಹೋದದ್ದು. ನನಗೆ ಆಗ ಎಂಟು ವರ್ಷ.

ಹಲಗೆಯ ಮೇಲೆ ಹಸಿರುಟ್ಟು ಕುಳಿತ ಚಿಕ್ಕವ್ವನ ಮುಂದೆ ಅವ್ವ ಬಾಗುವಷ್ಟರಲ್ಲಿ ಚಿಕ್ಕವ್ವನ ಅತ್ತೆ ಕೈ ಅಡ್ಡ ಹಿಡಿದಳು. "ಬೋಳಗೈಲೆ ಉಡಿ ತುಂಬಾಕ ಬಂದೀಯೇನವಾ? ನಿನ್ ಗಂಡ ಇದ್ದಾನೋ, ಹೋಗ್ಯಾನೋ?"

"ಅದಾನ್ರೀ ಅತ್ತಿ. ಬಂದರದಾಗ ಮೂಟಿ ಹೊರಾಕತ್ತಾನ."

"ಹಂಗಾರ ಅವ ಇರೂದು ನಿನ್ ಕೈಗೆ ಗೊತ್ತಿಲ್ಲೇನ?"

ಕೂತ ಹೆಂಗಸರೆಲ್ಲ ಬಾಯಿಗೆ ಸೆರಗು ಹಿಡಿದು ನಕ್ಕರು. ಚಿಕ್ಕವ್ವ ಮಾತ್ರ ಅಳುತ್ತಿದ್ದಳು. "ಅಕ್ಕಾ, ಒಂದ್ ದಿನದ್ದ ಮಾತು. ನನಗ ತವರಮನಿ ಅಂದ್ರ ನೀ ಒಬ್ಬಾಕಿ. ನೀ ತುಂಬದಿದ್ರ ನಾ ಖಾಲಿ ಉಡೀಲೆ ಏಳಬೇಕಾಗತೈತಿ."

ಅವ್ವ ಕೈಯಲ್ಲಿದ್ದ ಅಕ್ಕಿಯ ಗಂಟು ಕೆಳಗಿಟ್ಟಳು. ಆಮೇಲೆ, "ಕುಂಕುಮ ಒಲ್ಲೆ ಗಂಗೀ, ಅದು ಕೊಟ್ಟ ಮಾತೈತಿ. ಬಳಿ ತಾ. ಬಳಿಯೊಳಗ ಯಾವ ದೇವ್ರು ಕುಂತಾನ? ಗಾಜು ಅದು," ಅಂದಳು. ಬಳೆಗಾರ ಅವಳ ಕೈ ಹಿಸುಕಿ ಹಿಸುಕಿ ಕೈಗೆ ಆರರಂತೆ ಹಸಿರು ಬಳೆ ಏರಿಸಿದ. ಅತ್ತೆಯೂ ಅಡ್ಡ ಹಿಡಿದ ಕೈ ತೆಗೆದಳು. ಅವ್ವ ಉಡಿ ತುಂಬಿದಳು, ತಂಗಿಯ ಗಲ್ಲ ಹಿಡಿದು ಉತ್ತತ್ತಿ ತಿನ್ನಿಸಿದಳು, ಕುಬಸದ ಹಾಡು ಅರ್ಧ ಮರೆತು ಇಬ್ಬರೂ ಒಟ್ಟಿಗೆ ನಕ್ಕರು. ಅವ್ವನಿಗೆ ಅಂಥ ನಗು ಇದೆಯೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಸಂಜೆ ಬಸ್ಸು ಬದಲಿಸುವಾಗ ಮಡಗಾಂವ್ ಸ್ಟ್ಯಾಂಡಿನ ನಳದ ಕೆಳಗೆ ಅವ್ವ ಸಾಬೂನು ಹಚ್ಚಿ ಒಂದೊಂದೇ ಬಳೆ ಎಳೆದು ತೆಗೆದಳು. ಗೆಣ್ಣು ಕೆಂಪಗೆ ತರಚಿದವು. ಒಡೆದುಬಿಡು ಎಂದು ನಾನಂದರೆ, "ಬಸುರಿ ತಂಗೀ ಮನಿ ಬಳಿ ಒಡೀಬಾರದವಾ," ಅಂದಳು. ಎಲ್ಲವನ್ನೂ ಅಲ್ಲಿ ಅಬೋಲಿ ಹೂ ಮಾರುತ್ತಿದ್ದ ಹುಡುಗಿಯ ಕೈಗೆ ಕೊಟ್ಟು ಬಸ್ಸು ಹತ್ತಿದಳು. ಯಾರಿಗೂ ಹೇಳಬೇಡ ಎಂದು ಅವಳು ನನಗೆ ಹೇಳಲಿಲ್ಲ. ಮಗಳಿಗೆ ಸುಳ್ಳು ಕಲಿಸುವುದು ಅವಳಿಗೆ ಬಳೆಗಿಂತ ದೊಡ್ಡ ಪಾಪವಾಗಿ ಕಂಡಿರಬೇಕು.

ಮುಂದಿನ ಭಾನುವಾರ ಮಕ್ಕಳ ತರಗತಿಯಲ್ಲಿ ಹಿರಿಯರ ಹೆಂಡತಿ ಕರುಣಮ್ಮ ಟೀಚರು ನನ್ನನ್ನು ಹತ್ತಿರ ಕೂರಿಸಿಕೊಂಡು ಪೆಪ್ಪರಮಿಂಟು ಕೊಟ್ಟರು. "ಕೆಪಿಗೆ ಹೋಗಿದ್ರಂತಲ್ಲ? ಅವ್ವ ಹೆಂಗ ಕಾಣತಿದ್ಲು?" ನಾನು ಬೀಗಿ ಹೇಳಿದೆ: "ಭಾಳ ಚಂದ ಕಾಣತಿದ್ಲು ಟೀಚರ್! ಕೈತುಂಬ ಹಸರ ಬಳಿ ಹಾಕ್ಕೊಂಡಿದ್ಲು."

ಅದರ ಮುಂದಿನ ಭಾನುವಾರ ಎಲ್ಲರೆದುರು ಅವ್ವನ ಹೆಸರು ಕರೆದರು. ಚಾಪೆಯ ಮೇಲೆ ಒಂದು ಕಡೆ ಗಂಡಸರು, ಒಂದು ಕಡೆ ಹೆಂಗಸರು. ಅದೇ ಜಾಗದಲ್ಲಿ ನಿಂತು ಕುಡಿದವರು, ಹೆಂಡತಿಯನ್ನು ಬಡಿದವರು ತಮ್ಮ ಹಳೆಯ ಪಾಪಗಳನ್ನು ಸಾಕ್ಷಿಯಾಗಿ ಹೇಳುತ್ತಿದ್ದರು, ಸಭೆ ಸ್ತೋತ್ರ ಹೇಳುತ್ತಿತ್ತು. ಅವ್ವನಿಗೆ ಯಾರೂ ಸ್ತೋತ್ರ ಹೇಳಲಿಲ್ಲ. "ಸಹೋದರಿ ಸಾರವ್ವ, ಮನಸ್ಸು ಲೋಕದ ಸಿಂಗಾರದ ಕಡೆಗೆ ಹೋಯಿತೇನು?" ಎಂದು ಹಿರಿಯರು ಕೇಳಿದರು. ಅವ್ವ ತಲೆ ತಗ್ಗಿಸಿ, "ತಂಗೀ ಕಡೆ ಹೋಗಿತ್ರೀ," ಅಂದಳು. ಯಾರೋ ಕಿಸಕ್ಕೆಂದರು. ಮೂರು ತಿಂಗಳು ಕರ್ತನ ಮೇಜಿನ ಪವಿತ್ರ ರೊಟ್ಟಿಗೆ ಬರಬಾರದು, ರೊಟ್ಟಿ ಮುರಿಯುವಾಗ ಬಾಗಿಲ ಬಳಿ ಕೂರಬೇಕು, ಆ ಮನೆಗೆ ಇನ್ನು ಹೋಗಕೂಡದು ಎಂದರು. ಅಪ್ಪ ಚಾಪೆಯ ಎಳೆ ಕೀಳುತ್ತ ಕೂತಿದ್ದ. ಯಾರು ಹೇಳಿದರೆಂದು ಅವ್ವ ಅಂದೂ ಕೇಳಲಿಲ್ಲ, ಸಾಯುವತನಕವೂ ಕೇಳಲಿಲ್ಲ. ಕೇಳಿ ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಚಿಕ್ಕವ್ವ ಹೆತ್ತಳು. ತೊಟ್ಟಿಲ ಕಾರ್ಯಕ್ಕೆ ಬಾ ಎಂದು ಕೆಪೆಯ ಗೌಂಡಿಯೊಬ್ಬನ ಕೈಯಲ್ಲಿ ಹೇಳಿಕಳಿಸಿದಳು. ಅಪ್ಪ, "ಬ್ಯಾಡ. ಸಭೆದಾಗ ಮತ್ತ ತಲಿ ತಗ್ಗಸೂದು ನನ್ ಕಡಿಂದ ಆಗೂದಿಲ್ಲ," ಅಂದ. ನಿಂತವಳು ಅವ್ವ; ತಗ್ಗಿದ್ದು ಅವನ ತಲೆಯಂತೆ! ಅವ್ವ ಹೋಗಲಿಲ್ಲ. ಹೋದರೆ ಅವನು ಮತ್ತೆ ಬಾಟಲಿ ಹಿಡಿದಾನೆಂಬ ಅಂಜಿಕೆ ಅವಳಿಗೆ. ಅಪ್ಪನಿಗೂ ಅದು ಗೊತ್ತಿತ್ತು, ಹಿರಿಯರಿಗೂ ಗೊತ್ತಿತ್ತು. ಕೆಪೆಯೇನು ದಿಲ್ಲಿಯೇ? ಎರಡು ಬಸ್ಸು. ಆ ಎರಡು ಬಸ್ಸು ಹತ್ತದೆ ಅವ್ವ ಇಪ್ಪತ್ತಾರು ವರ್ಷ ಬದುಕಿದಳು.

ಇದನ್ನೆಲ್ಲ ಈಗ ಯಾಕೆ ಬರೆಯುತ್ತಿದ್ದೇನೆಂದರೆ, ಹೋದ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಒಬ್ಬ ಹೆಂಗಸು ನಮ್ಮ ರೂತಳ ಗಲ್ಲ ಸವರಿ, "ನಿಮ್ಮಮ್ಮ ಪಣಜಿ ಆಫೀಸಿಗೆ ಏನ್ ಹಾಕ್ಕೊಂಡ್ ಹೋಗ್ತಾಳ, ಪುಟ್ಟಿ?" ಎಂದು ಕೇಳಿದಳು. ರೂತ್ ನನ್ನ ಮುಖ ನೋಡಿದಳು. ನಾನು ಸೆರಗು ಸರಿಮಾಡಿಕೊಂಡೆ. ನಾಲ್ಕು ಜನರೆದುರು ನನಗೆ ಮಾತು ಬರುವುದಿಲ್ಲ, ಮೊದಲಿನಿಂದಲೂ ಹಾಗೆ; ನಿಮ್ಮ ಅಜ್ಜ ಇದ್ದಿದ್ದರೆ ನನ್ನ ಪರವಾಗಿ ಏನಾದರೂ ಅನ್ನುತ್ತಿದ್ದರೋ ಏನೋ. ಅದಕ್ಕೇ ಕಾಗದದ ಮೇಲೆ ಹೇಳುತ್ತಿದ್ದೇನೆ. ರೂತ್, ನಿಮ್ಮಮ್ಮ ಏನು ತೊಡುತ್ತಾಳೆ ಎಂದು ಯಾರು ಕೇಳಿದರೂ ಹೇಳಬೇಡ. ಹೇಳದಿರುವುದು ಸುಳ್ಳಲ್ಲ. ಮಗುವಿನ ಬಾಯಿಂದ ತಾಯಿಯ ಬೇಹು ತೆಗೆಯುವವರಿಗೆ ಉತ್ತರ ಕೊಡಬೇಕಾದ ಹಂಗು ಯಾರಿಗೂ ಇಲ್ಲ.

ಅವ್ವ ತೀರಿಕೊಂಡಾಗ ಅಪ್ಪ ಇನ್ನೂ ಇದ್ದ. ನನಗೆ ಆಗಲೇ ಎರಡು ಮಕ್ಕಳು. ಗಂಗವ್ವ ಚಿಕ್ಕವ್ವ ಹೇಗೋ ಸುದ್ದಿ ತಿಳಿದು ಬಂದಳು, ಬೆಳೆದ ಮಗಳನ್ನು ಕರೆದುಕೊಂಡು. ಇಳಕಲ್ ಸೀರೆ, ಹಣೆಯಲ್ಲಿ ಕಾಸಿನಗಲ ಕುಂಕುಮ. ಸಮಾಧಿ ಬಯಲಿನ ಗೇಟಿನ ಆಚೆ ನಿಂತಳು. ನಮ್ಮ ಹೆಂಗಸರು ಅವಳನ್ನು ನೋಡಿ ಸೆರಗು ಎಳೆದುಕೊಂಡು ಸರಿದು ನಿಂತರು. ಮುದುಕರಾಗಿದ್ದ ಹಿರಿಯರು ಒಮ್ಮೆ ಅತ್ತ ನೋಡಿ ಪ್ರಾರ್ಥನೆ ಮುಂದುವರಿಸಿದರು. ಒಳಗೆ ಬಾ ಚಿಕ್ಕವ್ವ, ಎಂದು ನಾನು ಅನ್ನಬಹುದಿತ್ತು. ನಾನು ಆಗ ಎಂಟು ವರ್ಷದವಳಲ್ಲ. ಆದರೂ ಎಲ್ಲರಂತೆ ಸೆರಗು ಎಳೆದುಕೊಂಡು ಪ್ರಾರ್ಥನೆಗೆ ಕಣ್ಣು ಮುಚ್ಚಿದೆ. ಎಲ್ಲರಿಗಿಂತ ಹೆಚ್ಚು ಸಿಟ್ಟು ನನಗೆ ನನ್ನ ಮೇಲೆಯೇ.

ಜನ ಚದುರಿದ ಮೇಲೆ ಅವಳು ಒಳಗೆ ಬಂದಳು. ಹಸಿ ಮಣ್ಣಿನ ಪಕ್ಕ ಕಾಲು ಮಡಚಿ ಕೂತು, ಅಡುಗೆಮನೆಯ ಹೊಸ್ತಿಲಲ್ಲಿ ಕೂತವಳ ಹಾಗೆ ಮಾತಿಗೆ ತೊಡಗಿದಳು. "ಅಕ್ಕಾ, ಇಕಿ ನೋಡ, ಅವತ್ತ ಹೊಟ್ಟ್ಯಾಗ ಇದ್ದಾಕಿ. ಮಾದೇವಿ ಅಂತ ಹೆಸರಿಟ್ನಿ. ಎರಡನೇದವ ಶಿವು. ಇಲ್ಲೇ ದಾಬೋಲಿಮ್‌ನ್ಯಾಗ ಕೆಲಸಕ್ಕ ಬರತಾನ, ದಿನಾ ನಿಮ್ಮ ಮನಿ ಮುಂದನ ಹಾದು ಹೋಗತಾನ. ಮೂರನೇದು ಉಳೀಲಿಲ್ಲವಾ. ಆವಾಗ ನಿನ್ನ ಭಾಳ ನೆನಸಿದ್ನಿ." ನಾನು ಗೇಟಿನ ಬಳಿ ನಿಂತು ಕೇಳುತ್ತಿದ್ದೆ, ಹತ್ತಿರ ಹೋಗಲಿಲ್ಲ. ಅವಳಿಗೆ ಅವಸರವೇನೂ ಇರಲಿಲ್ಲ. ಒಂದೊಂದು ಮಗುವಿನ ಸುದ್ದಿ ಹೇಳಿದ ಮೇಲೂ ಮಣ್ಣಿನತ್ತ ಬಾಗಿ, ಅಕ್ಕ ಏನಾದರೂ ಅನ್ನುತ್ತಾಳೇನೋ ಎಂದು ಕಾಯುತ್ತಿದ್ದಳು.